ಆಸ್ಬೋರ್ನ್ ಹೌಸ್: ವಿಕ್ಟೋರಿಯಾ ರಾಣಿಯ ಮನೆಗೆ ಒಂದು ದಿನ ಪೂರ್ತಿ ಕೊಡಿ

ಇಂಗ್ಲೆಂಡಿಗೆ ಬರುವ ನಮ್ಮ ಕಡೆಯ ಜನ ವಿಕ್ಟೋರಿಯಾ ರಾಣಿಯನ್ನು ಸಾಮಾನ್ಯವಾಗಿ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ಬಿಳಿಯ ಸ್ಮಾರಕದ ಬಳಿ ನಿಂತು ಒಂದು ಫೋಟೊ ತೆಗೆಸಿಕೊಂಡು ಮುಗಿಸಿಬಿಡುತ್ತಾರೆ. ಆ ಸ್ಮಾರಕದ ಶಿಲ್ಪಿ ಥಾಮಸ್ ಬ್ರಾಕ್. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಲ್ಲಿ ಅನಾವರಣಗೊಂಡ ರಾಣಿಯ ಪ್ರತಿಮೆಯೂ ಅವನದೇ ಕೈಕೆಲಸ. ಎರಡು ಕಡೆಯಲ್ಲೂ ನಮಗೆ ಕಾಣುವುದು ಪೀಠದ ಮೇಲಿನ ಚಕ್ರವರ್ತಿನಿ ಮಾತ್ರ. ಅದೇ ಹೆಂಗಸು ಮಕ್ಕಳನ್ನು ಬೆಳೆಸಿ, ಗಂಡನ ಪಕ್ಕದಲ್ಲಿ ಕುಳಿತು ಸರ್ಕಾರದ ಕಾಗದಪತ್ರ ಓದಿ, ಅವನನ್ನು ಕಳೆದುಕೊಂಡು, ನಲವತ್ತು ವರ್ಷ ಕಪ್ಪು ಬಟ್ಟೆಯಲ್ಲಿ ಬಾಳಿ, ಕೊನೆಗೆ ಪ್ರಾಣ ಬಿಟ್ಟ ಮನೆಯನ್ನು ನೋಡಬೇಕಾದರೆ ಲಂಡನ್ ಬಿಟ್ಟು ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಬೇಕು. ಈಸ್ಟ್ ಕೌಸ್ ಊರಿನ ಹೊರಗೆ, ಸಮುದ್ರದ ಕಡೆಗೆ ಇಳಿಯುವ ಹಸಿರು ದಿಬ್ಬದ ಮೇಲೆ ಆ ಮನೆ ಇದೆ. ಅದರ ಹೆಸರು ಆಸ್ಬೋರ್ನ್ ಹೌಸ್. ಈಗ ಅದನ್ನು ನೋಡಿಕೊಳ್ಳುತ್ತಿರುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ.

ನಾನು ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಮಗಳ ಸಂಸಾರ ಸೌತಾಂಪ್ಟನ್ನಿನಲ್ಲಿ ಇರುವುದರಿಂದ ಈ ಮನೆಯನ್ನು ಎರಡು ಸಲ ನೋಡುವ ಯೋಗ ಒದಗಿತು. ಮೊದಲ ಸಲ ಹೋದದ್ದು ಒಂದು ಪ್ರವಾಸ ಸಂಸ್ಥೆಯ ಬಸ್ಸಿನಲ್ಲಿ. ಒಂದೇ ದಿನದಲ್ಲಿ ಇಡೀ ದ್ವೀಪವನ್ನು ತೋರಿಸುತ್ತೇವೆಂದು ಹೇಳಿದ ಅವರು ಆಸ್ಬೋರ್ನಿಗೆ ಇಟ್ಟಿದ್ದ ಸಮಯ ಒಂದೂವರೆ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ತಲೆ ಎಣಿಸುವುದಕ್ಕೇ ಹೋಯಿತು. ದರ್ಬಾರ್ ಕೋಣೆಯ ಬಾಗಿಲಲ್ಲಿ ನಿಂತಾಗಲೇ ಬಸ್ಸು ಹೊರಡುತ್ತದೆ ಎಂದು ಕರೆ ಬಂತು. ನಾನು ನೋಡಲೆಂದೇ ಬಂದಿದ್ದ ಚಿತ್ರದ ಮುಂದೆ ಒಂದು ನಿಮಿಷ ನಿಲ್ಲುವುದಕ್ಕೂ ಆಗಲಿಲ್ಲ. ಆ ಸಂಕಟದಿಂದಲೇ ಎರಡನೆಯ ಸಲ ಮಗಳು, ಎಂಟು ವರ್ಷದ ಮೊಮ್ಮಗಳು ಮತ್ತು ನಾನು ಮೂವರೇ ಬೆಳಗಿನ ಫೆರಿ ಹಿಡಿದು ಹೋದೆವು. ಮುಂದೆ ಬರೆಯುವುದೆಲ್ಲ ಆ ಎರಡನೆಯ ಭೇಟಿಯ ವಿಚಾರ.

ಸೌತಾಂಪ್ಟನ್ನಿನಿಂದ ಈಸ್ಟ್ ಕೌಸ್‌ಗೆ ಫೆರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಲಂಡನ್ನಿನಿಂದ ಬರುವವರು ವಾಟರ್ಲೂ ನಿಲ್ದಾಣದಿಂದ ಸೌತಾಂಪ್ಟನ್ನಿಗೆ ರೈಲಿನಲ್ಲಿ ಬಂದು ಇದೇ ಫೆರಿಯನ್ನು ಹಿಡಿಯಬಹುದು. ಮೇಲಿನ ಅಂತಸ್ತಿನಲ್ಲಿ ಕುಳಿತರೆ ಸೋಲೆಂಟ್ ಎಂಬ ಕಿರಿದಾದ ಸಮುದ್ರ ಚೆನ್ನಾಗಿ ಕಾಣುತ್ತದೆ. ರಾಣಿಯ ಗಂಡ ಆಲ್ಬರ್ಟ್‌ಗೆ ಇದೇ ನೀರು ಇಟಲಿಯ ನೇಪಲ್ಸ್ ಕೊಲ್ಲಿಯನ್ನು ನೆನಪಿಗೆ ತಂದಿತಂತೆ. ಅದಕ್ಕಾಗಿಯೇ ಇಂಗ್ಲೆಂಡಿನ ಕರಾವಳಿಯಲ್ಲಿ ಎರಡು ಗೋಪುರಗಳಿರುವ ಇಟಲಿ ಶೈಲಿಯ ಮನೆಯೊಂದು ಎದ್ದು ನಿಂತಿತು. 1845ರಲ್ಲಿ ಜಮೀನು ಕೊಂಡರು, 1851ರ ಹೊತ್ತಿಗೆ ಕಟ್ಟಡ ಪೂರ್ತಿಯಾಯಿತು. ನಕ್ಷೆಯ ಹಿಂದಿನ ತಲೆ ಆಲ್ಬರ್ಟನದು, ಕಟ್ಟಿಸಿದ ಗುತ್ತಿಗೆದಾರ ಥಾಮಸ್ ಕ್ಯೂಬಿಟ್. ಇದು ಸರ್ಕಾರದ ಅರಮನೆಯಾಗಿರಲಿಲ್ಲ. ಗಂಡಹೆಂಡತಿ ತಮ್ಮ ಸ್ವಂತ ಹಣದಿಂದ ಮಾಡಿಕೊಂಡ ಮನೆ ಇದು ಎಂಬ ಮಾತನ್ನು ಒಳಗೆ ಕಾಲಿಡುವ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೋಣೆಗಳ ಅರ್ಥ ತಪ್ಪಿಹೋಗುತ್ತದೆ.

ಏಕೆಂದರೆ ಈ ಹೆಣ್ಣುಮಗಳಿಗೆ ಸ್ವಂತ ಮನೆ ಎಂಬುದು ಎಷ್ಟು ದೊಡ್ಡ ಮಾತಾಗಿತ್ತು ಎಂಬುದು ಆಕೆಯ ಬಾಲ್ಯವನ್ನು ತಿಳಿದವರಿಗೆ ಮಾತ್ರ ಗೊತ್ತಾಗುತ್ತದೆ. 1819ರ ಮೇ 24ರಂದು ಕೆನ್ಸಿಂಗ್ಟನ್ ಅರಮನೆಯಲ್ಲಿ ಹುಟ್ಟಿದ ಮಗು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡಿತು. ತಾಯಿಯೂ ಆಕೆಯ ಸಲಹೆಗಾರ ಜಾನ್ ಕಾನ್ರಾಯ್ ಎಂಬವನೂ ಸೇರಿ ಹುಡುಗಿಯನ್ನು ಎಂಥ ಕಾವಲಿನಲ್ಲಿ ಬೆಳೆಸಿದರೆಂದರೆ, ಯಾರಾದರೂ ಕೈ ಹಿಡಿದುಕೊಳ್ಳದೆ ಮೆಟ್ಟಿಲಿಳಿಯುವ ಸ್ವಾತಂತ್ರ್ಯ ಕೂಡ ಆಕೆಗೆ ಇರಲಿಲ್ಲ. ರಾತ್ರಿ ಮಲಗುತ್ತಿದ್ದದ್ದೂ ತಾಯಿಯ ಕೋಣೆಯಲ್ಲೇ. 1837ರ ಜೂನ್ 20ರ ಬೆಳಗ್ಗೆ, ಹದಿನೆಂಟು ತುಂಬಿ ಇನ್ನೂ ಒಂದು ತಿಂಗಳಾಗುವ ಮೊದಲೇ, ರಾಣಿಯಾದೆ ಎಂಬ ಸುದ್ದಿ ಬಂದ ದಿನವೇ ಆಕೆ ತನ್ನ ಮಂಚವನ್ನು ತಾಯಿಯ ಕೋಣೆಯಿಂದ ಹೊರಗೆ ಹಾಕಿಸಿದಳು. ನಾನು ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿದಾಗಲೆಲ್ಲ ಹೆಣ್ಣುಮಕ್ಕಳ ಸಾಲಿನಲ್ಲಿ ಒಂದು ಸದ್ದಿಲ್ಲದ ನಗು ಹರಿಯುತ್ತಿತ್ತು.

ಆಸ್ಬೋರ್ನಿನಲ್ಲಿ ನೋಡುಗರನ್ನು ಮೊದಲು ಕೆಳಗಿನ ಕೋಣೆಗಳಿಗೆ, ಅನಂತರ ಮೇಲಿನ ಖಾಸಗಿ ಕೋಣೆಗಳಿಗೆ ಕರೆದೊಯ್ಯುವ ದಾರಿ ಇದೆ. ಹಳದಿ ರೇಷ್ಮೆಯ ಪರದೆಗಳಿರುವ ದಿವಾನಖಾನೆ, ಅದಕ್ಕೆ ಹೊಂದಿಕೊಂಡ ಬಿಲಿಯರ್ಡ್ಸ್ ಕೋಣೆ, ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಬರೆದ ರಾಜಕುಟುಂಬದ ದೊಡ್ಡ ಚಿತ್ರದ ಪ್ರತಿಯಿರುವ ಊಟದ ಕೋಣೆ ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಬೇರೆ ಅರಮನೆಗಳನ್ನು ನೋಡಿದವರಿಗೆ ಚಿನ್ನದ ಲೇಪದಲ್ಲಾಗಲಿ ದೀಪಗುಚ್ಛಗಳಲ್ಲಾಗಲಿ ಹೊಸತೇನೂ ಕಾಣುವುದಿಲ್ಲ. ಇಲ್ಲಿ ನಿಂತು ನೋಡಬೇಕಾದದ್ದು ಗಾಜಿನೊಳಗೆ ಇಟ್ಟಿರುವ ಸಣ್ಣ ಅಮೃತಶಿಲೆಯ ತುಣುಕುಗಳನ್ನು. ಮೇರಿ ಥಾರ್ನಿಕ್ರಾಫ್ಟ್ ಎಂಬ ಶಿಲ್ಪಿ ರಾಣಿಯ ಮಕ್ಕಳ ಎಳೆಯ ಕೈಕಾಲುಗಳನ್ನು ಅಳತೆಗೆ ತಕ್ಕಂತೆ ಕಡೆದು ಕೊಟ್ಟಿದ್ದಾಳೆ: ದಿಂಬಿನ ಮೇಲೆ ಒರಗಿದ ಒಂದು ಮುಂಗೈ, ಬೆರಳುಗಳು ಸ್ವಲ್ಪ ಮಡಿಸಿದಂತೆ, ಇನ್ನೊಂದು ಕಡೆ ದುಂಡಗಿನ ಒಂದು ಪಾದ. ಮೊಮ್ಮಗಳು ಮುಖವನ್ನು ಗಾಜಿಗೆ ಹತ್ತಿರ ತಂದು, "ಅಜ್ಜಿ, ಕೈ ಮಾತ್ರ ಯಾಕೆ ಇದೆ? ಪಾಪು ಎಲ್ಲಿ?" ಎಂದು ಕೇಳಿದಳು. "ಪಾಪು ದೊಡ್ಡದಾಗಿಬಿಡುತ್ತದಲ್ಲ ಪುಟ್ಟಿ, ಅದಕ್ಕೆ ಕೈಯನ್ನು ಉಳಿಸಿಕೊಂಡಿದ್ದಾರೆ" ಎಂದೆ. ಕೆಲವರಿಗೆ ಇದು ಬೆಚ್ಚಿಬೀಳಿಸುವ ವಸ್ತು ಎನಿಸಬಹುದು. ನನಗೆ ನಮ್ಮ ಮನೆಗಳಲ್ಲಿ ಕೂಸಿನ ಮೊದಲ ಕಾಲ್ಗೆಜ್ಜೆಯನ್ನು ಕುಂಕುಮದ ಭರಣಿಯ ಪಕ್ಕದಲ್ಲಿ ಎತ್ತಿಡುವುದು ನೆನಪಾಯಿತು. ಕಳೆದುಹೋಗುವುದನ್ನು ಮುಟ್ಟಿನೋಡುವಂತೆ ಉಳಿಸಿಕೊಳ್ಳಬೇಕೆಂಬ ಹಟ ಈಕೆಗೆ ಮೊದಲಿನಿಂದಲೂ ಇತ್ತು. 1901ರಲ್ಲಿ ಆಕೆಯ ಶವಪೆಟ್ಟಿಗೆಯಲ್ಲಿ ಆಕೆಯ ಇಚ್ಛೆಯಂತೆಯೇ ಇಟ್ಟ ವಸ್ತುಗಳಲ್ಲಿ ಆಲ್ಬರ್ಟನ ಕೈಯ ಗಾರೆಯ ಅಚ್ಚೂ ಒಂದು.

ಮೇಲಿನ ಅಂತಸ್ತಿನಲ್ಲಿ ರಾಣಿಯ ಕುಳಿತುಕೊಳ್ಳುವ ಕೋಣೆಯೇ ನನ್ನ ಲೆಕ್ಕದಲ್ಲಿ ಇಡೀ ಮನೆಯ ಹೃದಯ. ಎರಡು ಬರೆಯುವ ಮೇಜುಗಳು ಪಕ್ಕಪಕ್ಕದಲ್ಲಿವೆ, ಒಂದು ಆಕೆಯದು, ಒಂದು ಅವನದು. 1840ರ ಫೆಬ್ರವರಿ 10ರಂದು ಮದುವೆಯಾದ ಈ ಇಬ್ಬರು ಒಂಬತ್ತು ಮಕ್ಕಳನ್ನು ಪಡೆದರು, ಜೊತೆಗೆ ಆ ಮೇಜುಗಳ ಮೇಲೆ ಒಂದು ಸಾಮ್ರಾಜ್ಯದ ಕಡತಗಳನ್ನೂ ಓದಿದರು. 1858ರಲ್ಲಿ, ಸಿಪಾಯಿಗಳ ದಂಗೆಯ ನಂತರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ರದ್ದುಮಾಡಿ ಭಾರತವನ್ನು ನೇರವಾಗಿ ರಾಣಿಯ ಕೈಗೆ ಕೊಟ್ಟಾಗ, ಹೊರಡಿಸಬೇಕಾದ ಘೋಷಣೆಯ ಕರಡು ಆಕೆಗೆ ಹಿಡಿಸಲಿಲ್ಲ. ರಕ್ತಪಾತದ ನಂತರ ಒಬ್ಬ ಹೆಣ್ಣು ದೊರೆ ಕೋಟ್ಯಂತರ ಜನರೊಡನೆ ಮಾತಾಡುತ್ತಿದ್ದಾಳೆ ಎಂಬುದನ್ನು ನೆನಪಿಟ್ಟು, ಅವರ ಧರ್ಮದ ಬಗ್ಗೆ ಗೌರವವಿಟ್ಟು ಅದನ್ನು ಮತ್ತೆ ಬರೆಯಬೇಕೆಂದು ಆಕೆ ಪ್ರಧಾನಿ ಲಾರ್ಡ್ ಡರ್ಬಿಗೆ ತಿಳಿಸಿದಳು. ಆ ವರ್ಷದ ನವೆಂಬರ್ 1ರಂದು ನಮ್ಮ ಊರುಗಳಲ್ಲಿ ಓದಿ ಹೇಳಿದ್ದು ಹಾಗೆ ತಿದ್ದಿದ ಪಠ್ಯವನ್ನು. ನಾಲ್ಕು ದಶಕಗಳ ಕಾಲ ಪರೀಕ್ಷೆಗೆ ಬರುವ ಪ್ರಶ್ನೆಯಾಗಿದ್ದ ಈ ಘೋಷಣೆಯ ಹಿಂದೆ, ಎರಡು ಮೇಜುಗಳ ಮುಂದೆ ಕುಳಿತು ವಾಕ್ಯ ವಾಕ್ಯವನ್ನೂ ತೂಗುವುದನ್ನು ಕಲಿತ ದಂಪತಿ ಇದ್ದರು ಎಂಬುದು ಈ ಕೋಣೆಯಲ್ಲಿ ನಿಂತಾಗ ನನಗೆ ಮೊದಲ ಬಾರಿಗೆ ಮನಸ್ಸಿಗೆ ಇಳಿಯಿತು.

1861ರ ಡಿಸೆಂಬರ್ 14ರಂದು ಆಲ್ಬರ್ಟ್ ವಿಂಡ್ಸರ್‌ನಲ್ಲಿ ತೀರಿಕೊಂಡ. ವಯಸ್ಸು ನಲವತ್ತೆರಡು. ಅಲ್ಲಿಂದ ಮುಂದೆ ರಾಣಿ ಜನರ ಕಣ್ಣಿಗೆ ಬೀಳುವುದನ್ನು ವರ್ಷಗಟ್ಟಲೆ ನಿಲ್ಲಿಸಿಬಿಟ್ಟಳು. ಆಸ್ಬೋರ್ನಿನಲ್ಲಿ ಅವನ ಕೋಣೆಗಳನ್ನು ಅವನು ಬಿಟ್ಟುಹೋದ ಹಾಗೆಯೇ ಇಡಿಸಿದಳು, ಮಂತ್ರಿಗಳು ಸಮುದ್ರ ದಾಟಿ ಇಲ್ಲಿಗೇ ಬರಬೇಕಾಯಿತು. ಈ ಏಕಾಂತವನ್ನು ಬರೀ ದುಃಖವೆಂದು ಓದುವವರಿದ್ದಾರೆ, ಬರೀ ಹಟವೆಂದು ಬೈದವರೂ ಆ ಕಾಲದಲ್ಲಿ ಇದ್ದರು. ಮನೆಯನ್ನು ನೋಡಿದ ಮೇಲೆ ನನಗನಿಸುವುದು, ಆಕೆ ಕೆಲಸವನ್ನು ಬಿಟ್ಟಿರಲಿಲ್ಲ, ಕಾಣಿಸಿಕೊಳ್ಳುವುದನ್ನು ಬಿಟ್ಟಿದ್ದಳು. 1878ರ ಜನವರಿ 14ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಹೊಸ ಟೆಲಿಫೋನನ್ನು ರಾಣಿಗೆ ತೋರಿಸಿದ್ದೂ ಇದೇ ಮನೆಯಲ್ಲಿ. ವಿಧವೆಯಾಗಿ ಮೂಲೆ ಸೇರಿದವಳು ಎಂದು ಹೇಳುವ ಮೊದಲು ಆ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಾಣಿ ಕೊನೆಯುಸಿರೆಳೆದ ಮಲಗುವ ಕೋಣೆಯನ್ನೂ ನೋಡಬಹುದು. 1901ರ ಜನವರಿ 22ರ ಸಂಜೆ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಆಕೆ ಪ್ರಾಣ ಬಿಟ್ಟಳು. ಆಗ ಆಕೆಯನ್ನು ತೋಳಿನ ಮೇಲೆ ಒರಗಿಸಿಕೊಂಡಿದ್ದವನು ಜರ್ಮನಿಯ ಚಕ್ರವರ್ತಿಯಾಗಿದ್ದ ಮೊಮ್ಮಗ ಎರಡನೆಯ ವಿಲ್ಹೆಲ್ಮ್. ಹದಿಮೂರು ವರ್ಷದ ಬಳಿಕ ಅವನ ಸೈನ್ಯವೂ ಅಜ್ಜಿಯ ದೇಶದ ಸೈನ್ಯವೂ ಎದುರುಬದುರಾದವು. ಈ ಕೋಣೆಗಳನ್ನು ಕಬ್ಬಿಣದ ಗೇಟು ಹಾಕಿ ಕುಟುಂಬದವರಿಗೆ ಮಾತ್ರ ಬಿಡುತ್ತಿದ್ದರು. 1954ರಲ್ಲಿ ಎರಡನೆಯ ಎಲಿಜಬೆತ್ ಒಪ್ಪಿಗೆ ಕೊಟ್ಟ ಮೇಲೆಯೇ ಸಾರ್ವಜನಿಕರಿಗೆ ತೆರೆದದ್ದು. ಇಲ್ಲಿ ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ. ಕೋಣೆಗಳಲ್ಲಿ ನಿಂತಿರುವ ಸಿಬ್ಬಂದಿ ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನಿರುತ್ತಾರೆ. ನೋಡುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಸೌಜನ್ಯ ಬೇಕಿಲ್ಲ.

ಇನ್ನು ಭಾರತೀಯರು ಹುಡುಕಿಕೊಂಡು ಬರುವ ದರ್ಬಾರ್ ಕೋಣೆ. 1876ರಲ್ಲಿ ಡಿಸ್ರೇಲಿ ಪ್ರಧಾನಿಯಾಗಿದ್ದಾಗ ಬ್ರಿಟಿಷ್ ಸಂಸತ್ತು ರಾಣಿಗೆ 'ಭಾರತದ ಚಕ್ರವರ್ತಿನಿ' ಎಂಬ ಬಿರುದನ್ನು ಸೇರಿಸುವ ಕಾಯ್ದೆ ಮಾಡಿತು. ಆಕೆ ಒಂದು ಸಲವೂ ಭಾರತಕ್ಕೆ ಬರಲಿಲ್ಲ. ಬದಲಿಗೆ 1890ರಿಂದ ಮುಂದಿನ ಎರಡು ವರ್ಷಗಳಲ್ಲಿ ಭಾರತವನ್ನೇ ಮನೆಗೆ ಕರೆಸಿಕೊಂಡಂತೆ ಈ ಕೋಣೆಯನ್ನು ಕಟ್ಟಿಸಿದಳು. ಲಾಹೋರಿನ ಮೇಯೊ ಕಲಾಶಾಲೆಯ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಅದೇ ಶಾಲೆಯಲ್ಲಿ ಪಳಗಿದ ಭಾಯಿ ರಾಮ್ ಸಿಂಗ್ ಇದರ ವಿನ್ಯಾಸಕಾರರು. ಪಂಜಾಬಿನ ಬಡಗಿ ಮನೆತನದಲ್ಲಿ ಹುಟ್ಟಿದ ರಾಮ್ ಸಿಂಗ್ ಇಂಗ್ಲೆಂಡಿನ ಚಳಿಯಲ್ಲಿ ಕುಳಿತು ಮಾಡಿದ ಕೆಲಸ ಇದು. ಗೋಡೆ, ಸೂರು ಎಲ್ಲ ಕಡೆ ಬಿಳಿಯ ಕೆತ್ತನೆಯಂಥ ಗಾರೆ ಕೆಲಸ; ಅಗ್ಗಿಷ್ಟಿಕೆಯ ಮೇಲೆ ಗರಿ ಬಿಚ್ಚಿ ನಿಂತ ದೊಡ್ಡ ನವಿಲು. ಸುತ್ತಲೂ ಗಾಜಿನ ಕಪಾಟುಗಳಲ್ಲಿ 1887 ಮತ್ತು 1897ರ ಜುಬಿಲಿಗಳಿಗೆ ಭಾರತದಿಂದ ಬಂದ ಉಡುಗೊರೆಗಳೂ ಮಾನಪತ್ರದ ಬೆಳ್ಳಿ ಕರಂಡಕಗಳೂ ಇವೆ. ಕೈಚಳಕದ ದೃಷ್ಟಿಯಿಂದ ಇದು ಬೆರಗಿನ ಕೋಣೆಯೇ ಸರಿ, ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ನೋವು ಬಂತು.

ಆದರೂ ಆ ಕರಂಡಕಗಳ ಮುಂದೆ ನನಗೆ ಸಂತೋಷದಿಂದ ನಿಲ್ಲಲಾಗಲಿಲ್ಲ. 1877ರ ಜನವರಿ 1ರಂದು ದಿಲ್ಲಿಯಲ್ಲಿ ಚಕ್ರವರ್ತಿನಿಯ ಹೆಸರಿನಲ್ಲಿ ದರ್ಬಾರು ನಡೆಯುತ್ತಿದ್ದ ಹೊತ್ತಿನಲ್ಲಿ ನಮ್ಮ ಮೈಸೂರು ಸೀಮೆ ಬರದಲ್ಲಿ ಬೇಯುತ್ತಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಒಡೆಯರಿಗೆ ಮರಳಿ ಬಂದದ್ದು 1881ರ ಮಾರ್ಚಿಯಲ್ಲಿ. ಮನೆ ಎಂಬುದು ಮನೆಯವರ ಕಥೆಯನ್ನೇ ಹೇಳುತ್ತದೆ. ಬೇರೆಯವರ ಮನೆಯ ಹಸಿವಿನ ಕಥೆಯನ್ನು ನೋಡುವವರು ತಾವೇ ಹೊತ್ತು ತರಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡದ ತಂದೆತಾಯಂದಿರು ಈ ಕೋಣೆಯಲ್ಲಿ ಎರಡು ಮಾತು ಅದನ್ನೂ ಹೇಳಲಿ ಎಂಬುದು ನನ್ನ ಕಳಕಳಿ.

ದರ್ಬಾರ್ ಕೋಣೆಗೆ ಹೋಗುವ ಕಾರಿಡಾರಿನಲ್ಲಿ ಸಾಲಾಗಿ ತೂಗುಹಾಕಿರುವ ಭಾರತೀಯರ ಭಾವಚಿತ್ರಗಳು ಕೋಣೆಗಿಂತಲೂ ಹೆಚ್ಚು ಬೆಲೆಯುಳ್ಳವು. ಅವುಗಳಲ್ಲಿ ಹೆಚ್ಚಿನವನ್ನು ರಾಣಿಯ ಕೋರಿಕೆಯಂತೆ ಬರೆದವನು ಆಸ್ಟ್ರಿಯಾದ ರುಡಾಲ್ಫ್ ಸ್ವೊಬೊಡ. 1886ರಲ್ಲಿ ಲಂಡನ್ನಿನ ವಸ್ತುಪ್ರದರ್ಶನಕ್ಕೆ ಆಗ್ರಾದ ಜೈಲಿನಿಂದ ಕರೆತಂದ ಕುಶಲಕರ್ಮಿಗಳಲ್ಲಿ ಬಕ್ಷಿರಾಮ್ ಎಂಬ ಮುದಿ ಕುಂಬಾರನೂ ಇದ್ದ. ನೂರು ವರ್ಷ ದಾಟಿದವನೆಂದು ಹೇಳಲಾದ ಅವನ ಸುಕ್ಕುಮುಖವನ್ನು ಚಿತ್ರಕಾರ ರಾಜರಿಗೆ ಕೊಡುವ ಗೌರವವನ್ನೇ ಕೊಟ್ಟು ಬರೆದಿದ್ದಾನೆ. ಮುನ್ಷಿ ಅಬ್ದುಲ್ ಕರೀಮನ ಕಥೆ ಈಗ ಎಲ್ಲರಿಗೂ ಗೊತ್ತು. 1887ರಲ್ಲಿ ಊಟ ಬಡಿಸುವ ಸೇವಕನಾಗಿ ಬಂದ ಆಗ್ರಾದ ಯುವಕ ರಾಣಿಗೆ ಹಿಂದೂಸ್ತಾನಿ ಕಲಿಸುವ ಗುರುವಾದ. ಎಪ್ಪತ್ತರ ಹತ್ತಿರದ ಹೆಂಗಸು ಹೊಸ ಲಿಪಿಯಲ್ಲಿ ಅಕ್ಷರ ತಿದ್ದಲು ಕುಳಿತಳು. ಅವಳು ಸತ್ತ ಮೇಲೆ ಮಗ ಏಳನೆಯ ಎಡ್ವರ್ಡ್ ಮುನ್ಷಿಯ ಬಳಿಯಿದ್ದ ಪತ್ರಗಳನ್ನು ಸುಡಿಸಿ ಅವನನ್ನು ಊರಿಗೆ ಕಳಿಸಿದ. ಪಾಠ ಹೇಳಿದವಳಾಗಿ ನನಗೆ ಇದರಲ್ಲಿ ಸುಟ್ಟುಹೋದ ಪತ್ರಗಳಿಗಿಂತ ಆ ಅಕ್ಷರಾಭ್ಯಾಸವೇ ದೊಡ್ಡದಾಗಿ ಕಾಣುತ್ತದೆ.

ನಾನು ಬಂದದ್ದು ಮಾತ್ರ ಗೌರಮ್ಮನನ್ನು ನೋಡಲು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಕಂಪನಿ ಪದಚ್ಯುತಗೊಳಿಸಿ ಕಾಶಿಗೆ ಕಳಿಸಿದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೌರಮ್ಮ ಹುಟ್ಟಿದ್ದು ಆ ಗಡೀಪಾರಿನಲ್ಲಿಯೇ, 1841ರಲ್ಲಿ. ಕೊಡಗಿನ ರಾಜಕುಮಾರಿ ಎಂದು ಹೆಸರು ಪಡೆದವಳು ಬೆಳೆದದ್ದು ಕೊಡಗಿನ ಮಳೆಯಿಂದ ಬಹು ದೂರದಲ್ಲಿ. ಕಂಪನಿ ಹಿಡಿದಿಟ್ಟುಕೊಂಡ ಹಣವನ್ನು ಕೇಳಿ ಪಡೆಯಲು 1852ರಲ್ಲಿ ಇಂಗ್ಲೆಂಡಿಗೆ ಹೊರಟ ತಂದೆ ಮಗಳನ್ನೂ ಕರೆದುಕೊಂಡು ಬಂದ. ಅದೇ ವರ್ಷ ಹನ್ನೊಂದರ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ವಿಂಟರ್‌ಹಾಲ್ಟರ್ ಚಿತ್ರ ಬರೆದದ್ದೂ ಆಗಲೇ. ಚಿತ್ರದಲ್ಲಿ ಅವಳು ಭಾರತದ ಉಡುಪು, ಒಡವೆಗಳನ್ನು ತೊಟ್ಟು ನಿಂತಿದ್ದಾಳೆ, ಕೈಯಲ್ಲಿ ಬೈಬಲ್ ಇದೆ. ದೂರದಿಂದ ಒಡವೆ ಕಣ್ಣಿಗೆ ಬೀಳುತ್ತದೆ. ಹತ್ತಿರ ಹೋದರೆ ಆ ಪುಸ್ತಕವನ್ನು ಹಿಡಿದ ಎಳೆಯ ಬೆರಳುಗಳು. ಕೆಳಗೆ ಗಾಜಿನೊಳಗೆ ನೋಡಿ ಬಂದ ಅಮೃತಶಿಲೆಯ ಕೈ ನನಗೆ ಇಲ್ಲಿ ಮತ್ತೆ ನೆನಪಾಯಿತು.

ರಾಣಿಗೆ ಈ ಹುಡುಗಿಯ ಮೇಲೆ ನಿಜವಾದ ಅಕ್ಕರೆ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಅಕ್ಕರೆ ಒಂದು ಯೋಜನೆಯೂ ಆಗಿತ್ತು. ಗೌರಮ್ಮನನ್ನು ತಂದೆಯಿಂದ ದೂರವಿಟ್ಟು ಇಂಗ್ಲಿಷ್ ಕುಟುಂಬಗಳಲ್ಲಿ ಬೆಳೆಸಿದರು. ಅವಳ ಹಾಗೆಯೇ ರಾಜ್ಯ ಕಳೆದುಕೊಂಡು ಕ್ರೈಸ್ತನಾಗಿದ್ದ ಪಂಜಾಬಿನ ದುಲೀಪ್ ಸಿಂಗ್‌ಗೆ ಅವಳನ್ನು ಮದುವೆ ಮಾಡಿಸಿದರೆ ಒಂದು ಒಳ್ಳೆಯ ಜೋಡಿಯಾದೀತು ಎಂದು ರಾಣಿ ಎಣಿಸಿದ್ದಳು, ಅವನು ಒಪ್ಪಲಿಲ್ಲ. ತಂದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಡಿಕೇರಿಯ ಗದ್ದಿಗೆಯಲ್ಲಿ ಹಿರಿಯರ ಪಕ್ಕದಲ್ಲಿ ಇರಬೇಕಾದವನ ಸಮಾಧಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಾಯಿತು. ಗೌರಮ್ಮ 1860ರಲ್ಲಿ ತನಗಿಂತ ಬಹಳ ಹಿರಿಯನಾದ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು, ಮರುವರ್ಷ ಎಡಿತ್ ಎಂಬ ಮಗಳು ಹುಟ್ಟಿದಳು, 1864ರಲ್ಲಿ ಇಪ್ಪತ್ತಮೂರು ತುಂಬುವ ಮೊದಲೇ ಕ್ಷಯದಿಂದ ಗೌರಮ್ಮ ತೀರಿಹೋದಳು. ಬಾಲ್ಯದಲ್ಲಿ ಬೇರೆಯವರ ಕಾವಲಿನಿಂದ ನರಳಿದ ರಾಣಿಯೇ ಇನ್ನೊಬ್ಬ ಹುಡುಗಿಯ ಊಟ, ಉಡುಪು, ದೇವರು, ಗಂಡ ಎಲ್ಲವನ್ನೂ ಪ್ರೀತಿಯಿಂದಲೇ ನಿರ್ಧರಿಸಲು ಹೊರಟಳಲ್ಲ ಎಂಬ ನೋವು ಆ ಚಿತ್ರದ ಮುಂದೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು.

ಮನೆಯಿಂದ ಹೊರಗೆ ಬಂದ ಮೇಲೆ ಮಕ್ಕಳಿಗೆ ಬೇಕಾದದ್ದು ಶುರುವಾಗುತ್ತದೆ. ತೋಟದ ದಾರಿಯಲ್ಲಿ ನಡೆದರೆ ಸ್ವಿಸ್ ಕಾಟೇಜ್ ಎಂಬ ಮರದ ಮನೆ ಸಿಗುತ್ತದೆ. 1850ರ ದಶಕದಲ್ಲಿ ರಾಜಕುಮಾರ ರಾಜಕುಮಾರಿಯರು ಅಡುಗೆ, ತೋಟಗಾರಿಕೆ ಕಲಿಯಲೆಂದು ಇದನ್ನು ಕಟ್ಟಿಸಿದರು. ಒಬ್ಬೊಬ್ಬ ಮಗುವಿಗೂ ಒಂದು ತರಕಾರಿ ಪಾತಿ, ಹೆಸರಿನ ಮೊದಲಕ್ಷರ ಬರೆದ ಪುಟ್ಟ ತಳ್ಳುಗಾಡಿ, ಸಲಿಕೆ; ಬೆಳೆದದ್ದನ್ನು ಆಲ್ಬರ್ಟ್ ಮಾರುಕಟ್ಟೆ ದರಕ್ಕೆ ಕೊಂಡುಕೊಳ್ಳುತ್ತಿದ್ದನಂತೆ. ಮೊಮ್ಮಗಳು ಇಲ್ಲಿಂದ ಕದಲಲೊಲ್ಲಳು. ಅಲ್ಲಿಂದ ಮುಂದೆ ಇಳಿದರೆ ರಾಣಿಯ ಖಾಸಗಿ ಕಡಲತೀರ. 1847ರಲ್ಲಿ ಆಕೆ ಜೀವನದಲ್ಲಿ ಮೊದಲ ಬಾರಿಗೆ ಸಮುದ್ರಸ್ನಾನಕ್ಕೆ ಇಳಿದ ಚಕ್ರದ ಗೂಡು, ಎಂದರೆ ಬಟ್ಟೆ ಬದಲಿಸಿಕೊಂಡು ನೀರಿಗೆ ಇಳಿಯಲು ಮಾಡಿದ ಗಾಲಿಯ ಮೇಲಿನ ಮರದ ಕೋಣೆ, ಈಗಲೂ ಅಲ್ಲಿದೆ. ತಲೆ ನೀರೊಳಗೆ ಹೋಗುವವರೆಗೂ ಎಲ್ಲವೂ ಆನಂದವಾಗಿತ್ತು, ಆಮೇಲೆ ಉಸಿರು ಕಟ್ಟಿದಂತಾಯಿತು ಎಂದು ಆ ದಿನದ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ.

ಹೋಗುವವರಿಗೆ ಕೆಲವು ಮಾತು. ಚಳಿಗಾಲದಲ್ಲಿ ಪ್ರತಿದಿನ ತೆರೆದಿರುವುದಿಲ್ಲ, ಹೊರಡುವ ಮೊದಲೇ ದಿನ ನೋಡಿ ಟಿಕೆಟ್ ಮಾಡಿಸಿಕೊಳ್ಳಿ. ಮನೆಯಿಂದ ಕಾಟೇಜಿಗೂ ಕಡಲತೀರಕ್ಕೂ ನಡಿಗೆ ಹೆಚ್ಚು. ಮಂಡಿನೋವಿದ್ದವರು ಬಾಗಿಲಲ್ಲೇ ವಾಹನದ ಅನುಕೂಲವನ್ನು ವಿಚಾರಿಸಬೇಕು. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು, ತೋಟದ ಬೆಂಚಿನಲ್ಲಿ ಕುಳಿತು ಸಮುದ್ರ ನೋಡುತ್ತ ತಿಂದದ್ದು ಹಿತವಾಗಿತ್ತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದು, ಸಂಜೆಯ ಫೆರಿಗೆ ಮರಳುವಂತೆ ಯೋಚಿಸಿದರೆ ಎಲ್ಲವೂ ಆರಾಮವಾಗಿ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳ ಗುಂಪು ಬರುವುದರಿಂದ, ಮನೆಯ ಒಳಭಾಗವನ್ನು ಮೊದಲು ಮುಗಿಸಿ ತೋಟವನ್ನು ಆಮೇಲೆ ಇಟ್ಟುಕೊಳ್ಳಿ.

ನಾವು ಹೊರಡುವ ಮುನ್ನ ಮತ್ತೊಮ್ಮೆ ಕಾರಿಡಾರಿಗೆ ಹೋದೆವು. ಚಿತ್ರದ ಹೆಸರನ್ನು ಮೊಮ್ಮಗಳು ತನ್ನ ಇಂಗ್ಲಿಷ್ ಉಚ್ಚಾರಣೆಯಲ್ಲಿ "ಗೂರಾಮಾ" ಎಂದು ಓದಿದಳು. "ಹಾಗಲ್ಲ ಪುಟ್ಟಿ, ಗೌರಮ್ಮ. ನಮ್ಮ ಗೌರಿಹಬ್ಬದ ಗೌರಿ" ಎಂದೆ. ಅವಳು ಚಿತ್ರದ ಕಡೆ ತಿರುಗಿ ಒಂದು ಸಲ ಸರಿಯಾಗಿ ಹೇಳಿದಳು.